ಪಾಕ ಏರಿದ ಡಾಂಬರು: ಹಳೆ ರಸ್ತೆಯನ್ನು ಮತ್ತೆ ರಸ್ತೆ ಮಾಡುವುದು ಹೇಗೆ?

ನನಗೆ ಬುದ್ಧಿ ಬಂದ ಮೇಲೆ ನಮ್ಮ ಬೀದಿಗೆ ನಾಲ್ಕು ಸಲ ಡಾಂಬರು ಹಾಕಿದ್ದಾರೆ. ಹಳೆಯದನ್ನು ಒಂದು ಸಲವೂ ಕೆರೆದಿಲ್ಲ, ಅದರ ಮೇಲೇ ಹೊಸದು. ಮನೆಗೆ ಹತ್ತಲು ಮೊದಲು ಮೂರು ಮೆಟ್ಟಿಲು ಇದ್ದವು, ಈಗ ಎರಡೇ ಇವೆ. ಒಂದು ಪದರ 40 ಮಿ.ಮೀ. ಅಂತ ಇಟ್ಟುಕೊಂಡರೂ ನಾಲ್ಕಕ್ಕೆ 160 ಮಿ.ಮೀ. ಆಯಿತು. ಸರಿಯಾಗಿ ಒಂದು ಮೆಟ್ಟಿಲು! ಜೋರು ಮಳೆ ಬಂದರೆ ನೀರು ಚರಂಡಿಗೆ ಹೋಗದೆ ನಮ್ಮ ಗೇಟಿನ ಒಳಗೆ ಬರುತ್ತದೆ. ಡಾಂಬರು ಮರುಬಳಕೆಯ ಈ ಪಾಠ ಓದುವಾಗ ನನಗೆ ಮೊದಲು ನೆನಪಾಗಿದ್ದು ಆ ಮುಳುಗಿದ ಮೆಟ್ಟಿಲೇ. ಅಲ್ಲಿ ಹೂತಿರುವುದು ಕಸ ಅಲ್ಲ, ಒಳ್ಳೆ ಜಲ್ಲಿ ಮತ್ತು ದುಬಾರಿ ಅಂಟು.

ಹೆಸರಿನ ಗೊಂದಲ

ಊರಲ್ಲಿ ಎಲ್ಲದಕ್ಕೂ ಡಾಂಬರು ಇಲ್ಲವೇ ಟಾರು ಅನ್ನುತ್ತೇವೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕ್ಸ್ ಹೋಗುತ್ತದೆ. ಕಲ್ಲಿದ್ದಲನ್ನು ಗಾಳಿ ಸೇರದಂತೆ ಕಾಯಿಸಿದಾಗ ಬರುವುದು ಟಾರು. ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಅಂಟು ಬಿಟುಮೆನ್. ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಇದು ತಯಾರಾಗುತ್ತದೆ. ಬಿಟುಮೆನ್‌ಗೆ ಜಲ್ಲಿ, ಕಲ್ಲಿನ ಪುಡಿ ಸೇರಿದರೆ ಆಸ್ಫಾಲ್ಟ್ ಮಿಶ್ರಣ. ಅಮೆರಿಕದವರು ಬರೀ ಅಂಟಿಗೂ ಆಸ್ಫಾಲ್ಟ್ ಅನ್ನುತ್ತಾರೆ, ಅವರ ಪುಸ್ತಕ ಓದುವಾಗ ಎಚ್ಚರ.

ತೂಕದಲ್ಲಿ ಸುಮಾರು 95 ಭಾಗ ಕಲ್ಲು, 5 ಭಾಗ ಮಾತ್ರ ಬಿಟುಮೆನ್. ಕಡಲೆಬೀಜದ ಚಿಕ್ಕಿ ನೆನಪಿಸಿಕೊಳ್ಳಿ. ಬೀಜವೇ ಜಲ್ಲಿ, ಬೆಲ್ಲದ ಪಾಕವೇ ಬಿಟುಮೆನ್. ಬಿಸಿ ಇದ್ದಾಗ ಹರಿಯುತ್ತದೆ, ತಣಿದರೆ ಹಿಡಿದುಕೊಳ್ಳುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಸಿಮೆಂಟಿಗೆ ಈ ಗುಣ ಇಲ್ಲ. ಅದು ನೀರಿನ ಜೊತೆ ಒಮ್ಮೆ ಗಟ್ಟಿಯಾದರೆ ಮುಗಿಯಿತು. ಮರುಬಳಕೆಯ ಇಡೀ ಕಥೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಉಪಯೋಗಗಳು

ರಸ್ತೆ ಮತ್ತು ರನ್‌ವೇ ಎಲ್ಲರಿಗೂ ಗೊತ್ತು. ಅದರ ಜೊತೆಗೆ ತಾರಸಿ ಸೋರದಂತೆ ಹಾಕುವ ಶೀಟು, ಕಾಲುವೆಯ ಒಳಪದರ, ಕೆಲವು ಅಣೆಕಟ್ಟುಗಳ ಒಡಲಲ್ಲಿ ನೀರು ತಡೆಯುವ ಗೋಡೆ. ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳಕ್ಕೂ ನೀರು ಇಳಿಯದಂತೆ ನೈಸರ್ಗಿಕ ಬಿಟುಮೆನ್ ಬಳಿದಿದ್ದರು. ಅಂದರೆ ಅಂಟು ಮತ್ತು ನೀರು ತಡೆ, ಇವೆರಡೇ ಮುಖ್ಯ ಕೆಲಸ. ಉಳಿದದ್ದೆಲ್ಲ ಇವುಗಳ ಮರಿಗಳು.

ಒಂದು ಗ್ರೇಡ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಮ್ಮಲ್ಲಿ ಬಿಟುಮೆನ್‌ಗೆ ವಿಸ್ಕಾಸಿಟಿ ಗ್ರೇಡ್, ಅಂದರೆ ವಿಜಿ-10, 20, 30, 40 ಅಂತ ನಾಲ್ಕು ಗ್ರೇಡ್. ಆ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ 60 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ, ಅಂದರೆ ಹರಿಯದಂತೆ ತಡೆಯುವ ಗುಣ, ಅದರ ಅಳತೆಯಾದ ಪಾಯ್ಸ್‌ನಲ್ಲಿ ಸಿಗುತ್ತದೆ, 20% ಆಚೀಚೆ. ವಿಜಿ-30 ಅಂದರೆ 3000, ಅಂದರೆ 2400ರಿಂದ 3600. ಬಾಯಿಪಾಠ ಬೇಕಿಲ್ಲ, ಅಲ್ವಾ?

ಹಳೆಯದು ಕೆಡುವುದು ಹೇಗೆ

ಕಲ್ಲು ಅಷ್ಟಾಗಿ ಕೆಡುವುದಿಲ್ಲ. ಕೆಡುವುದು ಪಾಕ. ಬಿಟುಮೆನ್ ಒಳಗೆ ಆಸ್ಫಾಲ್ಟೀನ್ ಅನ್ನುವ ಗಟ್ಟಿ ಭಾಗವಿದೆ, ಅದು ಮಾಲ್ಟೀನ್ ಅನ್ನುವ ಎಣ್ಣೆಯಂಥ ಭಾಗದಲ್ಲಿ ತೇಲುತ್ತಿರುತ್ತದೆ. ಗಾಳಿಯ ಆಮ್ಲಜನಕ ತಾಗಿದಂತೆಲ್ಲ ಎಣ್ಣೆ ಭಾಗ ಕಡಿಮೆಯಾಗಿ ಗಟ್ಟಿ ಭಾಗ ಜಾಸ್ತಿಯಾಗುತ್ತದೆ. ಬಿಸಿ ಮಿಶ್ರಣ ತಯಾರಿಸುವ (ಹಾಟ್ ಮಿಕ್ಸ್) ಪ್ಲಾಂಟಿನಲ್ಲಿ ಬಿಸಿ ಜಲ್ಲಿಗೆ ತೆಳ್ಳಗೆ ಹರಡುವ ಆ ಒಂದು ನಿಮಿಷದಲ್ಲೇ ದೊಡ್ಡ ಪಾಲು ಮುಪ್ಪು ಬರುತ್ತದೆ. ಉಳಿದದ್ದು ರಸ್ತೆಯ ಮೇಲೆ, ವರ್ಷಗಟ್ಟಲೆ, ನಿಧಾನವಾಗಿ. ಪಾಕ ಏರಿದ ಚಿಕ್ಕಿ ಹಲ್ಲಿಗೆ ಟಕ್ಕೆಂದು ಒಡೆಯುತ್ತದಲ್ಲ, ಹಾಗೆ ರಸ್ತೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಇಳಿದರೆ ಗುಂಡಿ.

ಏರಿದ ಪಾಕ ಇಳಿಸಲು ಅಡುಗೆಮನೆಯಲ್ಲಿ ಸ್ವಲ್ಪ ನೀರು ಹಾಕುತ್ತಾರೆ. ಇಲ್ಲಿ ಎರಡು ದಾರಿ ಇವೆ. ಒಂದು, ಹೊಸದಾಗಿ ಸೇರಿಸುವ ಬಿಟುಮೆನ್ ಮೆತ್ತನೆಯ ಗ್ರೇಡ್ ಇರಲಿ. ವಿಜಿ-30 ಬೇಕಾದ ಕಡೆ ವಿಜಿ-10 ಹಾಕಿದರೆ ಹಳೆಯದರ ಜೊತೆ ಸೇರಿ ಸರಾಸರಿ ಸರಿಹೋಗುತ್ತದೆ. ಇನ್ನೊಂದು, ಕಳೆದುಹೋದ ಎಣ್ಣೆ ಭಾಗವನ್ನು ತುಂಬುವ ರಿಜುವಿನೇಟರ್ ಅನ್ನುವ ಎಣ್ಣೆ.

ಕೆರೆದು ತಂದ ಮೇಲೆ

ಮಿಲ್ಲಿಂಗ್ ಯಂತ್ರದ ಉರುಳೆಗೆ ಕಾರ್ಬೈಡ್ ಹಲ್ಲುಗಳಿರುತ್ತವೆ. ಅದು ಹಳೆ ಪದರವನ್ನು ಬೇಕಾದಷ್ಟೇ ಆಳಕ್ಕೆ ಕೆರೆದು ಕನ್ವೇಯರ್ ಮೂಲಕ ಟಿಪ್ಪರ್‌ಗೆ ಸುರಿಯುತ್ತದೆ. ಈ ಕಪ್ಪು ಪುಡಿಗೇ ರಿಕ್ಲೇಮ್ಡ್ ಆಸ್ಫಾಲ್ಟ್ ಪೇವ್‌ಮೆಂಟ್, ಚಿಕ್ಕದಾಗಿ ಆರ್‌ಎಪಿ ಅಂತ ಹೆಸರು. ಕೆರೆದಷ್ಟೇ ದಪ್ಪ ಹೊಸದು ಹಾಕಿದರೆ ರಸ್ತೆ ಏರುವುದಿಲ್ಲ. ನಮ್ಮ ಮೆಟ್ಟಿಲಿಗೆ ಬೇಕಿದ್ದದ್ದು ಇಷ್ಟೇ!

ಆರ್‌ಎಪಿಯನ್ನು ಹಾಟ್ ಮಿಕ್ಸ್ ಪ್ಲಾಂಟಿನಲ್ಲಿ ನೇರ ಬೆಂಕಿಗೆ ಒಡ್ಡುವಂತಿಲ್ಲ. ಪಾಕ ಸೀದುಹೋಗುತ್ತದೆ, ನೀಲಿ ಹೊಗೆ ಏಳುತ್ತದೆ. ಆದ್ದರಿಂದ ಡ್ರಮ್ಮಿನ ನಡುವೆ, ಜ್ವಾಲೆಯಿಂದ ದೂರ, ಬೇರೆ ಬಾಯಿಂದ ಹಾಕುತ್ತಾರೆ. ಹಾಗಾದರೆ ಅದು ಕಾಯುವುದು ಹೇಗೆ? ಹೊಸ ಜಲ್ಲಿಯನ್ನು ಅಗತ್ಯಕ್ಕಿಂತ ಜಾಸ್ತಿ ಕಾಯಿಸಿ, ಅದರ ಬಿಸಿಯಲ್ಲೇ ಹಳೆಯದನ್ನು ಕರಗಿಸುತ್ತಾರೆ. ಲೆಕ್ಕ ನೋಡಿ. 30% ಆರ್‌ಎಪಿ 25 ಡಿಗ್ರಿಯಲ್ಲಿದೆ, ಮಿಶ್ರಣ 155 ಡಿಗ್ರಿ ಬೇಕು. 100 ಕೆ.ಜಿ.ಯಲ್ಲಿ 30 ಕೆ.ಜಿ. 130 ಡಿಗ್ರಿ ಏರಬೇಕು, ಆ ಶಾಖವನ್ನು 70 ಕೆ.ಜಿ. ಹೊಸ ಜಲ್ಲಿ ಕೊಡಬೇಕು. 30 × 130 ÷ 70 = ಸುಮಾರು 56. ಅಂದರೆ ಹೊಸ ಜಲ್ಲಿ 155 + 56 = 211 ಡಿಗ್ರಿಗೆ ಕಾಯಬೇಕು. ಆರ್‌ಎಪಿ ಒದ್ದೆ ಇದ್ದರೆ ನೀರು ಆವಿಯಾಗಲು ಇನ್ನೂ ಜಾಸ್ತಿ ಬೇಕು. ರಾಶಿಗೆ ಮಳೆ ಬೀಳದಂತೆ ಶೆಡ್ ಹಾಕಿ ಅಂತ ಹೇಳುವುದು ಸುಮ್ನೆ ಅಲ್ಲ. 60%, 70% ಅಂತ ಏರಿಸುತ್ತಾ ಹೋದರೆ ಈ ಲೆಕ್ಕವೇ ಅಡ್ಡ ನಿಲ್ಲುತ್ತದೆ. ಆಗ ಆರ್‌ಎಪಿಯನ್ನೇ ಬೇರೆ ಡ್ರಮ್ಮಿನಲ್ಲಿ ಮೆಲ್ಲಗೆ ಕಾಯಿಸುವ ಪ್ಲಾಂಟ್ ಬೇಕು.

ಕಾಯಿಸದೆಯೂ ಮಾಡಬಹುದು. ಸುಮಾರು 170 ಡಿಗ್ರಿಯ ಬಿಟುಮೆನ್‌ಗೆ 2% ಆಸುಪಾಸು ತಣ್ಣೀರು ಚಿಮ್ಮಿಸಿದರೆ ಅದು ಹಾಲು ಉಕ್ಕಿದಂತೆ ಹತ್ತಾರು ಪಟ್ಟು ನೊರೆಯಾಗುತ್ತದೆ. ಆ ನೊರೆ ಆರುವ ಮೊದಲು, ತಣ್ಣಗಿನ ಆರ್‌ಎಪಿಗೆ ಬೆರೆಸಬೇಕು. ಅಯೋವಾ ಸ್ಟೇಟ್ ಯೂನಿವರ್ಸಿಟಿಯ ಲಾಡಿಸ್ ಚಾನಿ 1950ರ ದಶಕದಲ್ಲಿ ಹಬೆ ಬಳಸಿ ತೋರಿಸಿದ ಉಪಾಯ ಇದು, ಹಬೆಯ ಬದಲು ತಣ್ಣೀರು ಬಂದದ್ದು ಆಮೇಲೆ. ಇದನ್ನು ಸಾಮಾನ್ಯವಾಗಿ ಕೆಳಪದರಕ್ಕೆ ಹಾಕಿ, ಮೇಲೆ ಹಾಟ್ ಮಿಕ್ಸ್ ಹೊದಿಸುತ್ತಾರೆ. ನಮ್ಮಲ್ಲಿ ಮರುಬಳಕೆಗೆ ನೋಡಬೇಕಾದ ನಿಯಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 120, 2015ರದು.

ಉಳಿತಾಯ ಎಷ್ಟು?

7 ಮೀ. ಅಗಲ, 1 ಕಿ.ಮೀ. ಉದ್ದ, 40 ಮಿ.ಮೀ. ದಪ್ಪ ಅಂದರೆ 280 ಘನ ಮೀಟರ್. ಸಾಂದ್ರತೆ 2.35 ಹಿಡಿದರೆ 658 ಟನ್. 5% ಲೆಕ್ಕದಲ್ಲಿ ಬಿಟುಮೆನ್ 33 ಟನ್. ಇದರಲ್ಲಿ 30% ಆರ್‌ಎಪಿ ಬಳಸಿದರೆ 197 ಟನ್. ಅದರಲ್ಲಿ 4.5% ಹಳೆ ಬಿಟುಮೆನ್ ಇದ್ದರೆ ಸುಮಾರು 9 ಟನ್. ಹೊಸದು 24 ಟನ್ ಸಾಕು. ಜೊತೆಗೆ 188 ಟನ್ ಜಲ್ಲಿಗಾಗಿ ಯಾವುದೋ ಗುಡ್ಡ ಒಡೆಯುವುದು ತಪ್ಪಿತು.

ಆದರೆ ಈ 9 ಟನ್ ಪೂರ್ತಿ ಕರಗಿ ಬೆರೆಯುತ್ತದೆ ಅಂತ ಲೆಕ್ಕ ಹಿಡಿದಿದ್ದೇವೆ. ಸರಿಯಾಗಿ ಕಾಯದಿದ್ದರೆ ಒಂದಿಷ್ಟು ಹಳೆ ಅಂಟು ಕಲ್ಲಿಗೇ ಕಚ್ಚಿಕೊಂಡು ಬರೀ ಕಪ್ಪು ಕಲ್ಲಾಗಿ ಉಳಿಯುತ್ತದೆ. ಆಗ ಮಿಶ್ರಣಕ್ಕೆ ಅಂಟು ಕಡಿಮೆ, ಜಲ್ಲಿ ಬೇಗ ಕಿತ್ತು ಬರುತ್ತದೆ. 'ಮರುಬಳಕೆ ರಸ್ತೆ ಬಾಳಲ್ಲ' ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ ಅನ್ನುವುದು ನನ್ನ ಅನಿಸಿಕೆ.

ಇದರ ಜೊತೆ ಬೆರೆಸಬೇಡಿ

ಪ್ಲಾಸ್ಟಿಕ್ ರಸ್ತೆ ಬೇರೆ ವಿಷಯ. ಅದು ಪ್ಲಾಸ್ಟಿಕ್ಕಿನ ಮರುಬಳಕೆ, ಡಾಂಬರಿನದಲ್ಲ. ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರೊ. ರಾಜಗೋಪಾಲನ್ ವಾಸುದೇವನ್ ಅವರ ವಿಧಾನದಲ್ಲಿ ಬಿಸಿ ಜಲ್ಲಿಯ ಮೇಲೆ ಚೂರು ಪ್ಲಾಸ್ಟಿಕ್ ಕರಗಿ ಹೊದಿಕೆಯಾಗುತ್ತದೆ, ಆಮೇಲೆ ಬಿಟುಮೆನ್. ಪಿವಿಸಿ ಮಾತ್ರ ಹಾಕಬಾರದು, ಬಿಸಿಗೆ ಆಮ್ಲದ ಹೊಗೆ ಬರುತ್ತದೆ.

ಮೊದಲು ಹೇಳಿದ ಟಾರು ಇಲ್ಲಿ ಮತ್ತೆ ಬರುತ್ತದೆ. ಯುರೋಪಿನ ಹಳೆ ರಸ್ತೆಗಳಲ್ಲಿ ಕಲ್ಲಿದ್ದಲ ಟಾರು ಇದೆ. ಅದರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳು ಜಾಸ್ತಿ, ಕಾಯಿಸಿದರೆ ಹೊಗೆಯಲ್ಲಿ ಹೊರಬರುತ್ತವೆ. ಹಾಗಾಗಿ ನೆದರ್ಲೆಂಡ್ಸ್‌ನಲ್ಲಿ ಕೆರೆಯುವ ಮೊದಲು ಪರೀಕ್ಷೆ ಮಾಡಿ, ಟಾರು ಇದ್ದದ್ದನ್ನು ಬೇರೆ ತೆಗೆದು ಸುಟ್ಟು ಶುದ್ಧ ಮಾಡುತ್ತಾರೆ.

ಅಭ್ಯಾಸಕ್ಕೆ ಒಂದು: 3.75 ಮೀ. ಅಗಲ, 1 ಕಿ.ಮೀ. ಉದ್ದ, 30 ಮಿ.ಮೀ. ದಪ್ಪ. ಸಾಂದ್ರತೆ 2.35, ಬಿಟುಮೆನ್ 5%. ಆರ್‌ಎಪಿ 20%, ಅದರೊಳಗೆ ಬಿಟುಮೆನ್ 4%. ಹೊಸ ಬಿಟುಮೆನ್ ಎಷ್ಟು ಬೇಕು? 11 ಟನ್ ಆಸುಪಾಸು ಬಂದರೆ ಸರಿ.