ಮೂದಲಿಕೆ: ಗಡಿಯಾಚೆಯ ಬೀಗರ ಜೊತೆ ಒಂದು ಜಗಳ

1996ರ ಮಾರ್ಚ್ 9ರ ರಾತ್ರಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಭಾರತದ 287 ರನ್ ಬೆನ್ನತ್ತಿ ಹೊರಟ ಪಾಕಿಸ್ತಾನಕ್ಕೆ ಸಯೀದ್ ಅನ್ವರ್, ಆಮೀರ್ ಸೊಹೈಲ್ ಬಿರುಸಿನ ಆರಂಭ ಕೊಟ್ಟಿದ್ದರು. ಅನ್ವರ್ ಔಟಾಗಿದ್ದರೂ ಸೊಹೈಲ್ ಬಿಸಿ ಆರಿರಲಿಲ್ಲ. ಹದಿನೈದನೇ ಓವರಿನಲ್ಲಿ ವೆಂಕಟೇಶ್ ಪ್ರಸಾದ್ ಎಸೆದ ಚೆಂಡನ್ನು ಬೌಂಡರಿಗೆ ಅಟ್ಟಿ, ಬ್ಯಾಟನ್ನು ಆ ಕಡೆಗೇ ಚಾಚಿ ತೋರಿಸಿದರು. ನೋಡು, ಮುಂದಿನದೂ ಅಲ್ಲಿಗೇ ಅನ್ನುವ ಹಾಗೆ. ಮುಂದಿನ ಎಸೆತಕ್ಕೆ ಆಫ್ ಸ್ಟಂಪ್ ಹಾರಿತು. ಸಾಧು ಸ್ವಭಾವದವರೆಂದೇ ಊರೆಲ್ಲ ನಂಬಿದ್ದ ಪ್ರಸಾದ್ ಪೆವಿಲಿಯನ್ ಕಡೆ ಕೈ ಮಾಡಿ ಒಂದೆರಡು ಮಾತಾಡಿದರು. ಆ ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಭಾರತ 39 ರನ್‌ಗಳಿಂದ ಗೆದ್ದಿತು.

ಆ ಬ್ಯಾಟು, ಆ ಕೈ, ಅವೆರಡರ ನಡುವೆ ನಡೆದದ್ದಕ್ಕೆ ಕನ್ನಡದಲ್ಲಿ ಏನನ್ನಬೇಕು? ಪತ್ರಿಕೆಯವರು 'ಮಾತಿನ ಚಕಮಕಿ' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಆದರೆ ಚಕಮಕಿ ಬಸ್ಸಿನಲ್ಲಿ ಚಿಲ್ಲರೆಗೂ ಆಗುತ್ತದೆ. ಇದಕ್ಕೆ ನಮ್ಮಲ್ಲಿ ಹಳೆಯ, ಗಟ್ಟಿಯಾದ ಪದ ಒಂದಿದೆ: ಮೂದಲಿಕೆ.

ಇಂದು 'ಮೂದಲಿಸಬೇಡ' ಅಂದರೆ ಹಂಗಿಸಬೇಡ, ಚುಚ್ಚಿ ಮಾತಾಡಬೇಡ ಎಂದಷ್ಟೇ ಅರ್ಥ. ಸೊಸೆಯನ್ನು ಅತ್ತೆ ಮೂದಲಿಸುತ್ತಾಳೆ, ಸಾಲಗಾರನನ್ನು ಸಾಹುಕಾರ ಮೂದಲಿಸುತ್ತಾನೆ. ಮೇಲಿದ್ದವರು ಕೆಳಗಿದ್ದವರಿಗೆ ಮಾಡುವ ಕೆಲಸ ಅದು. ಹಳಗನ್ನಡದ ಕಾವ್ಯಗಳಲ್ಲಿ ಮಾತ್ರ ಮೂದಲೆ ರಣರಂಗದ ಸರಕು. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿ ಕೂತಾಗ ಭೀಮ ದಡದಲ್ಲಿ ನಿಂತು ಮಾಡುವುದು ಅದನ್ನೇ. ಆ ಮಾತು ಕಿವಿಗೆ ಬಿದ್ದು ದುರ್ಯೋಧನ ನೀರಿನೊಳಗಿದ್ದೂ ಬೆವೆತನಂತೆ. ಶಾಲೆಯಲ್ಲಿ ಕನ್ನಡ ಓದಿದ ಅನೇಕರಿಗೆ ಆ ಸಾಲು ಈಗಲೂ ಬಾಯಿಗೆ ಬರುತ್ತದೆ. ಭೀಮನಿಗೆ ಬೇಕಿದ್ದದ್ದು ಎದುರಾಳಿ ಹೊರಗೆ ಬರಬೇಕು, ಗದೆ ಹಿಡಿಯಬೇಕು ಎಂಬುದು. ಅಂದರೆ ಮೂದಲಿಕೆ ಒಂದು ರೀತಿಯ ಆಹ್ವಾನ. ನೀನೂ ನಾನೂ ಸಮ, ಬಾ ಎಂಬ ಕರೆ ಅದರೊಳಗಿದೆ. ನೊಣವನ್ನು ಯಾರೂ ಮೂದಲಿಸುವುದಿಲ್ಲ.

ಇದರ ಅಕ್ಕಪಕ್ಕದಲ್ಲಿ ಇನ್ನೊಂದು ದೊಡ್ಡ ಕುಟುಂಬವೇ ಇದೆ. ಬೆಂಗಳೂರು, ಮೈಸೂರಿನ ಕಡೆ ಕಾಲೆಳೆಯುತ್ತೇವೆ, ರೇಗಿಸುತ್ತೇವೆ, ಕಿಚಾಯಿಸುತ್ತೇವೆ. ಹುಬ್ಬಳ್ಳಿ, ಧಾರವಾಡದ ಕಡೆ ಅದು ಚ್ಯಾಷ್ಟಿ, ಮಸ್ಕಿರಿ. ಕರಾವಳಿಯಲ್ಲಿ ಕುಶಾಲು. ಇವೆಲ್ಲ ಸಲಿಗೆಯ ಪದಗಳು. ಇನ್ನೊಂದು ತುದಿಯಲ್ಲಿ ಲೇವಡಿ, ಹೀಯಾಳಿಕೆ, ಕುಹಕ ಇವೆ. ಅಲ್ಲಿ ಸಲಿಗೆಯ ಸುಳಿವಿಲ್ಲ. ಮೂದಲಿಕೆ ಇವೆರಡರ ನಡುವಿನ ಬೇಲಿಯ ಮೇಲೆ ಕೂತಿದೆ. ಯಾವ ಕಡೆಗೆ ಬೇಕಾದರೂ ಬೀಳಬಹುದು.

ಯಾವ ಕಡೆ ಬೀಳುತ್ತದೆ ಎಂದು ತಿಳಿಯುವುದು ಹೇಗೆ? ಆಡಿದ ಪದಗಳನ್ನು ನೋಡಿದರೆ ತಿಳಿಯುವುದಿಲ್ಲ. ನಮ್ಮ ಮದುವೆಮನೆಗಳ ಬೀಗರ ಹಾಡನ್ನೇ ತೆಗೆದುಕೊಳ್ಳಿ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರ ಹೊಟ್ಟೆ, ಮೀಸೆ, ಜಿಪುಣತನ, ಬೀಗಿತ್ತಿಯ ನಡಿಗೆ ಒಂದನ್ನೂ ಬಿಡದೆ ಹಾಡುತ್ತಾರೆ. ಬೇರೆ ದಿನ ಅಷ್ಟೇ ಮಾತಾಡಿದ್ದರೆ ಸಂಬಂಧವೇ ಮುರಿದುಬೀಳುತ್ತಿತ್ತು. ಅಲ್ಲಿ ಮುರಿಯದಿರುವುದಕ್ಕೆ ಕಾರಣ, ಈ ಹಾಡು ಮುಗಿದ ಕೂಡಲೇ ಆ ಕಡೆಯವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಅವರಿಗೂ ಸರದಿ ಇದೆ. ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಇಂಥ ಸಂಬಂಧಗಳ ಬಗ್ಗೆ ಒಂದು ಲೇಖನ ಬರೆದರು. ಹತ್ತಿರವೂ ಹೌದು, ಹೊರಗಿನವರೂ ಹೌದು ಎಂಬಂಥ ನೆಂಟರ ನಡುವೆ ಸಮಾಜವೇ ಪರವಾನಗಿ ಕೊಟ್ಟ ಅಗೌರವ ಇರುತ್ತದೆ ಎಂಬುದು ಅವರ ವಾದ. ನಮ್ಮ ಅಜ್ಜಿಯರಿಗೆ ಈ ಲೇಖನ ಬೇಕಿರಲಿಲ್ಲ, ಬಿಡಿ.

ಭಾರತ, ಪಾಕಿಸ್ತಾನ ಅಂಥ ಬೀಗರು. ಮನೆ ಒಡೆದು ಪಾಲಾದ ಬೀಗರು. ಎರಡೂ ಕಡೆ ಅದೇ ಬೈಗುಳ, ಅದೇ ಬಿರಿಯಾನಿ, ಅದೇ ಕ್ರಿಕೆಟ್. ರೂಹ್ ಅಫ್ಜಾ ಶರಬತ್ತು ಕೂಡ ದೆಹಲಿಯಲ್ಲಿ ಹುಟ್ಟಿ, ದೇಶ ಒಡೆದ ಮೇಲೆ ಅಣ್ಣ ಇಲ್ಲಿ ತಮ್ಮ ಕರಾಚಿಯಲ್ಲಿ ಎಂದು ಎರಡು ಕಂಪನಿಯಾಯಿತು. ಬಾಸ್ಮತಿ ಯಾರದು ಎಂಬ ತಗಾದೆ ಯುರೋಪಿಯನ್ ಒಕ್ಕೂಟದವರೆಗೂ ಹೋಗಿದೆ.

ಈ ಬೀಗರ ಹಾಡಿನಲ್ಲಿ ಒಳ್ಳೆಯ ಸಾಲುಗಳೂ ಇವೆ. 2006ರ ಫೆಬ್ರುವರಿಯಲ್ಲಿ ಲಾಹೋರ್ ಪಂದ್ಯ ಮುಗಿದ ಮೇಲೆ ಬಹುಮಾನ ಕೊಡಲು ಬಂದ ಪರ್ವೇಜ್ ಮುಷರಫ್, ಧೋನಿಯ ಉದ್ದ ಕೂದಲು ನೋಡಿ, ಕತ್ತರಿಸು ಎಂದು ಯಾರೋ ಫಲಕ ಹಿಡಿದಿದ್ದಾರೆ, ನನ್ನ ಮಾತು ಕೇಳುವುದಾದರೆ ಕತ್ತರಿಸಬೇಡ ಎಂದರು. ಕಾರ್ಗಿಲ್ ಕಾಳಗದ ಹೊತ್ತಿನಲ್ಲಿ ಸೇನೆಯ ಮುಖ್ಯಸ್ಥರಾಗಿದ್ದವರೂ ಅವರೇ. 2015ರ ವಿಶ್ವಕಪ್ ಹೊತ್ತಿಗೆ ಸ್ಟಾರ್ ಸ್ಪೋರ್ಟ್ಸ್ 'ಮೌಕಾ ಮೌಕಾ' ಜಾಹೀರಾತು ಮಾಡಿತು. 1992ರಲ್ಲಿ ಪಟಾಕಿ ಕೊಂಡಿಟ್ಟ ಪಾಕಿಸ್ತಾನಿ ಅಭಿಮಾನಿಗೆ ವಿಶ್ವಕಪ್‌ನಲ್ಲಿ ಭಾರತದ ವಿರುದ್ಧ ಅದನ್ನು ಹಚ್ಚುವ ಅವಕಾಶವೇ ಸಿಗುವುದಿಲ್ಲ. ತಲೆ ನರೆಯುತ್ತದೆ, ಪಟಾಕಿ ಹಾಗೇ ಉಳಿಯುತ್ತದೆ. ಆ ಜಾಹೀರಾತನ್ನು ಗಡಿಯಾಚೆಯವರೂ ನೋಡಿ ನಕ್ಕರು, ಹಲ್ಲು ಕಡಿದರು, ಉತ್ತರದ ವಿಡಿಯೊ ಮಾಡಿದರು. ನಿಜವಾದ ಉತ್ತರ ಬಂದದ್ದು 2021ರ ಅಕ್ಟೋಬರ್ 24ರಂದು, ದುಬೈಯಲ್ಲಿ, ಟಿ20 ವಿಶ್ವಕಪ್‌ನಲ್ಲಿ. ಬಾಬರ್, ರಿಜ್ವಾನ್ ಇಬ್ಬರೇ ನಿಂತು ಹತ್ತು ವಿಕೆಟ್‌ಗಳಿಂದ ಗೆಲ್ಲಿಸಿದರು. ಪಟಾಕಿ ಕೊನೆಗೂ ಹೊತ್ತಿತು.

ಅದೇ ರಾತ್ರಿ ಮೂದಲಿಕೆ ಬೇಲಿಯ ಆ ಕಡೆಗೂ ಬಿತ್ತು. ಸೋಲಿನ ಸಿಟ್ಟನ್ನು ನಮ್ಮವರೇ ಕೆಲವರು ಮೊಹಮ್ಮದ್ ಶಮಿಯ ಮೇಲೆ, ಅವರ ಧರ್ಮ ಹಿಡಿದು ತೀರಿಸಿಕೊಂಡರು. ಬೀಗರನ್ನು ಬೈಯಲಾಗದೆ ಮನೆಮಗನನ್ನೇ ಬೈದ ಹಾಗೆ. ನಾಯಕ ವಿರಾಟ್ ಕೊಹ್ಲಿ ಶಮಿಯ ಪರ ನಿಂತು ಬಹಿರಂಗವಾಗಿ ಖಂಡಿಸಿದರು. ಅದಕ್ಕೆ ಕೊಹ್ಲಿಯ ಮನೆಯವರೂ ಬೆದರಿಕೆ ಕೇಳಬೇಕಾಯಿತು.

ಪ್ರಸಾದ್ ಕಥೆಯ ಎರಡನೇ ಅಂಕ ಇಲ್ಲಿ ಹೇಳಲೇಬೇಕು. 2021ರಲ್ಲಿ ರಾಹುಲ್ ದ್ರಾವಿಡ್ ಜಾಹೀರಾತೊಂದರಲ್ಲಿ ಟ್ರಾಫಿಕ್ಕಿನ ನಡುವೆ 'ಇಂದಿರಾನಗರದ ಗೂಂಡಾ ನಾನು' ಎಂದು ಅರಚಾಡಿದ್ದು ನೆನಪಿರಬಹುದು. ಆ ಮಾತನ್ನೇ ಎತ್ತಿಕೊಂಡು ಪ್ರಸಾದ್, ಸೊಹೈಲ್ ಜೊತೆಗಿನ ತಮ್ಮ ಹಳೇ ಚಿತ್ರ ಟ್ವೀಟ್ ಮಾಡಿದರು. ಪಾಕಿಸ್ತಾನದ ಪತ್ರಕರ್ತರೊಬ್ಬರು, ಇವರ ವೃತ್ತಿಜೀವನದ ಏಕೈಕ ಸಾಧನೆ ಇದು ಎಂದು ಕುಟುಕಿದರು. ಪ್ರಸಾದ್ ಅವರನ್ನು 'ಭಾಯಿ' ಎಂದೇ ಕರೆದು ಉತ್ತರ ಕೊಟ್ಟರು: ಕೆಲವನ್ನು ಮುಂದಕ್ಕೆ ಎಂದು ಎತ್ತಿಟ್ಟಿದ್ದೆ, 1999ರ ವಿಶ್ವಕಪ್‌ನಲ್ಲಿ ಮ್ಯಾಂಚೆಸ್ಟರಿನಲ್ಲಿ 27 ರನ್‌ಗೆ ಐದು ವಿಕೆಟ್ ತೆಗೆದೆ, ನಿಮ್ಮವರಿಗೆ 228 ಹೊಡೆಯಲಾಗಲಿಲ್ಲ, ದೇವರು ಒಳ್ಳೆಯದು ಮಾಡಲಿ. ಮೂದಲಿಕೆಯ ವ್ಯಾಕರಣ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ನೆಂಟಸ್ತನದ ಕರೆ, ಲೆಕ್ಕ, ಕೊನೆಗೆ ಹರಕೆ. ಅಂದಹಾಗೆ ಆ ಮ್ಯಾಂಚೆಸ್ಟರ್ ಪಂದ್ಯ ನಡೆದದ್ದು ಕಾರ್ಗಿಲ್ ಕಾಳಗ ನಡೆಯುತ್ತಿದ್ದಾಗಲೇ.

ಈ ಆಟವನ್ನು ಸರಕಾರಗಳೇ ದಿನಾ ಆಡುವ ಜಾಗವೂ ಒಂದಿದೆ, ಅಟಾರಿ-ವಾಘಾ ಗಡಿ. 1959ರಿಂದ ಪ್ರತಿ ಸಂಜೆ ಬಾವುಟ ಇಳಿಸುವ ಹೊತ್ತಿಗೆ ಎರಡೂ ಕಡೆಯ ಯೋಧರು ಹಣೆಗೆ ತಾಗುವಂತೆ ಕಾಲೆತ್ತಿ ನೆಲಕ್ಕೆ ಅಪ್ಪಳಿಸುತ್ತಾರೆ, ಮೀಸೆ ತಿರುವುತ್ತಾರೆ, ಕಣ್ಣು ಕೆಕ್ಕರಿಸುತ್ತಾರೆ. ನೋಡಿದವರಿಗೆ ಯಕ್ಷಗಾನದ ಎರಡು ಬಣ್ಣದ ವೇಷಗಳು ಎದುರಾದಂತೆ ಕಾಣುತ್ತದೆ. 2025ರವರೆಗೆ, ಆಮೇಲೆ ಕೈ ಕುಲುಕಿ ಬಾಗಿಲು ಹಾಕುತ್ತಿದ್ದರು. ಸರದಿ ತಪ್ಪದಂತೆ, ಅಳತೆ ಮೀರದಂತೆ ಕಟ್ಟಿದ ಮೂದಲಿಕೆ ಅದು.

ಎದುರಾಳಿಗೆ ಸರದಿಯೇ ಇಲ್ಲದ ಮಾತಿಗೆ ಕನ್ನಡದಲ್ಲಿ ಬೇರೆ ಹೆಸರಿದೆ. ಉತ್ತರನ ಪೌರುಷ ಒಲೆಯ ಮುಂದೆ. ವಿರಾಟನ ಮಗ ಉತ್ತರ ಕುಮಾರ ಹೆಂಗಸರ ಎದುರು ಕೌರವ ಸೇನೆಯನ್ನು ಚಿಂದಿ ಮಾಡಿದ, ರಣರಂಗದಲ್ಲಿ ರಥದಿಂದ ಹಾರಿ ಓಡಿದ. ಇಂದು ಎರಡೂ ದೇಶದ ಟೀವಿ ಸ್ಟುಡಿಯೊಗಳಲ್ಲಿ ರಾತ್ರಿ ಒಂಬತ್ತಕ್ಕೆ ನಡೆಯುವುದು ಬಹುತೇಕ ಇದೇ. ಇದನ್ನು ಮೂದಲಿಕೆ ಎಂದರೆ ಭೀಮನಿಗೆ ಅವಮಾನ.

ಇದೇ ಒಲೆಯ ಮುಂದಿನ ಪೌರುಷ 2019ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂದಿರಾನಗರಕ್ಕೂ ಬಂತು. ಪುಲ್ವಾಮಾ ದಾಳಿಯ ಸಿಟ್ಟಿನಲ್ಲಿ ಒಂದು ಗುಂಪು ಕರಾಚಿ ಬೇಕರಿಯ ಮುಂದೆ ಜಮಾಯಿಸಿ, ಫಲಕದಲ್ಲಿದ್ದ 'ಕರಾಚಿ'ಯನ್ನು ಮುಚ್ಚಿಸಿತು. ಆ ಬೇಕರಿ ಹೈದರಾಬಾದಿನದು. ವಿಭಜನೆಯಲ್ಲಿ ಸಿಂಧ್ ಬಿಟ್ಟು ಓಡಿಬಂದ ಹಿಂದೂ ಕುಟುಂಬ ಕಟ್ಟಿದ್ದು. 2025ರ ಮೇ ತಿಂಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೈಪುರದ ಮಿಠಾಯಿ ಅಂಗಡಿಯೊಂದು ಮೈಸೂರು ಪಾಕನ್ನು 'ಮೈಸೂರು ಶ್ರೀ' ಮಾಡಿತು. ಪಾಕ ಎಂದರೆ ನಮ್ಮ ಒಲೆಯ ಮೇಲೆ ಕುದಿಯುವ ಸಕ್ಕರೆ ಪಾಕ, ನಳಪಾಕದ ಪಾಕ ಎಂದು ಹೇಳಿಕೊಡಲು ಅಲ್ಲಿ ಕನ್ನಡದವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ಈ ಸಿಹಿಯನ್ನು ಮೊದಲು ಮಾಡಿದವರೆನ್ನುವ ಮೈಸೂರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶಸ್ಥರು ಬೇಸರಪಟ್ಟುಕೊಂಡರು. ಇಸ್ಲಾಮಾಬಾದಿಗೆ ಇದರಿಂದ ಏನು ನೋವಾಯಿತೋ ಗೊತ್ತಿಲ್ಲ, ನಮಗಂತೂ ಆಯಿತು.

ಬೀಗರು ಮದುವೆಮನೆಗೇ ಬಾರದಿದ್ದರೆ ಹಾಡು ಯಾರಿಗೆ? ಎರಡು ದೇಶಗಳ ನಡುವೆ ಕೊನೆಯ ದ್ವಿಪಕ್ಷೀಯ ಕ್ರಿಕೆಟ್ ಸರಣಿ ನಡೆದದ್ದು 2012-13ರಲ್ಲಿ. ಅದರ ಮೊದಲ ಪಂದ್ಯವೂ ಇದೇ ಚಿನ್ನಸ್ವಾಮಿಯಲ್ಲಿ, ಕ್ರಿಸ್‌ಮಸ್ ರಾತ್ರಿ. ಪಾಕಿಸ್ತಾನ ಗೆದ್ದಿತು. ಅಲ್ಲಿಂದೀಚೆಗೆ ಭೇಟಿ ಏನಿದ್ದರೂ ವಿಶ್ವಕಪ್, ಏಷ್ಯಾ ಕಪ್, ಚಾಂಪಿಯನ್ಸ್ ಟ್ರೋಫಿಗಳಲ್ಲಿ. 2023ರ ವಿಶ್ವಕಪ್‌ಗೆ ಪಾಕಿಸ್ತಾನ ಮತ್ತೆ ಬೆಂಗಳೂರಿಗೆ ಬಂದಾಗ, ತನ್ನ ದೇಶಕ್ಕೆ ಜೈಕಾರ ಕೂಗಿದ ಅಭಿಮಾನಿಯೊಬ್ಬನನ್ನು ಪೊಲೀಸರೊಬ್ಬರು ತಡೆದ ವಿಡಿಯೊ ಎಲ್ಲೆಡೆ ಹರಿದಾಡಿತು. ಆಡುತ್ತಿರುವುದೇ ಪಾಕಿಸ್ತಾನ, ಬೇರೇನು ಕೂಗಲಿ ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ನಡೆದ ಮೇಲೆ ಉಳಿದ ಎಳೆಗಳೂ ಕಡಿದವು. ಶೋಯೆಬ್ ಅಖ್ತರ್ ಅವರದೂ ಸೇರಿ ಪಾಕಿಸ್ತಾನದ ಹಲವು ಯೂಟ್ಯೂಬ್ ಚಾನೆಲ್‌ಗಳು ಇಲ್ಲಿ ಮುಚ್ಚಿದವು. ವಾಘಾದಲ್ಲಿ ಬಾಗಿಲು ತೆರೆಯುವುದೂ ಕೈ ಕುಲುಕುವುದೂ ನಿಂತಿತು. ಸೆಪ್ಟೆಂಬರಿನ ಏಷ್ಯಾ ಕಪ್‌ನಲ್ಲಿ ಆಟಗಾರರು ಪರಸ್ಪರ ಕೈ ಕೊಡಲಿಲ್ಲ. ಫೈನಲ್ ಗೆದ್ದ ಭಾರತ, ಪಾಕಿಸ್ತಾನ ಕ್ರಿಕೆಟ್ ಮಂಡಳಿಯ ಮುಖ್ಯಸ್ಥರೂ ಆದ ಮೊಹ್ಸಿನ್ ನಖ್ವಿ ಅವರ ಕೈಯಿಂದ ಕಪ್ ಪಡೆಯಲಿಲ್ಲ. ಹೆಣ ಬಿದ್ದ ಮನೆಯಲ್ಲಿ ಬೀಗರ ಹಾಡು ಹೇಳಲಾಗುವುದಿಲ್ಲ, ಅದು ಅರ್ಥವಾಗುವ ಮಾತೇ. ಆದರೆ ಆ ಟೂರ್ನಿಯಲ್ಲಿ ಮೈದಾನದ ಮೇಲೆ ಕಂಡ ಬಂದೂಕಿನ, ವಿಮಾನದ ಸನ್ನೆಗಳನ್ನು ಮೂದಲಿಕೆಯ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ.

ಹಾಗಾದರೆ ಈ ಪದ ಈಗ ಎಲ್ಲಿ ಉಸಿರಾಡುತ್ತಿದೆ? ನನಗೆ ತಿಳಿದ ಮಟ್ಟಿಗೆ ಮೂರನೆಯವರ ನೆಲದಲ್ಲಿ. ನನ್ನ ಚಿಕ್ಕಪ್ಪನ ಮಗ ಮಸ್ಕತ್‌ನಲ್ಲಿದ್ದಾನೆ, ಕುಂದಾಪುರದವನು. ಅವನ ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್ ಸಿಯಾಲ್‌ಕೋಟ್ ಕಡೆಯವನು. 2019ರಲ್ಲಿ ಪಾಕಿಸ್ತಾನದ ಸೆರೆಯಲ್ಲಿದ್ದ ವಿಂಗ್ ಕಮಾಂಡರ್ ಅಭಿನಂದನ್, ಅಲ್ಲಿ ಕೊಟ್ಟ ಚಹಾ ಸೊಗಸಾಗಿದೆ ಎಂದು ಸೌಜನ್ಯಕ್ಕೆ ಹೇಳಿದ್ದನ್ನು ಆ ಕಡೆಯವರು ಇಂದಿಗೂ ಚುಚ್ಚಲು ಬಳಸುತ್ತಾರಲ್ಲ. 2021ರ ಆ ದುಬೈ ಪಂದ್ಯದ ಮರುದಿನ, ಸೋಮವಾರ ಬೆಳಿಗ್ಗೆ, ಈ ಎಲೆಕ್ಟ್ರಿಷಿಯನ್ ತಾನೇ ಕಡಕ್ ಚಹಾ ಮಾಡಿ ತಂದು ನಮ್ಮವನ ಮೇಜಿನ ಮೇಲಿಟ್ಟು, 'ಭಾಯಿ, ಚಹಾ ಹೇಗಿದೆ?' ಎಂದು ಕೇಳಿ ಕೈಕಟ್ಟಿ ನಿಂತನಂತೆ. ನಮ್ಮವನು ಒಂದು ಗುಟುಕು ಕುಡಿದು, 'ಸಕ್ಕರೆ ಸ್ವಲ್ಪ ಕಡಿಮೆ' ಅಂದನಂತೆ.

ಸರಿಯಾಗಿ ಒಂದು ವರ್ಷ ಕಾದ. 2022ರ ಅಕ್ಟೋಬರ್ 23, ಮೆಲ್ಬರ್ನ್, ಕೊನೆಯ ಎಸೆತದಲ್ಲಿ ಗೆಲುವು, ಕೊಹ್ಲಿ ಔಟಾಗದೆ 82. ಮರುದಿನ ಎರಡು ಲೋಟ ಚಹಾ ಹಿಡಿದು ವರ್ಕ್‌ಶಾಪಿನ ಆ ತುದಿಗೆ ನಡೆದ. ಒಂದರಲ್ಲಿ ನಾಲ್ಕು ಚಮಚ ಸಕ್ಕರೆ ಹಾಕಿದ್ದ.