ನಾಲ್ಕು ವರ್ಷ ಎಂಟು ತಿಂಗಳಿಗೆ ಕೆಲಸ ಬಿಟ್ಟರೆ ಗ್ರ್ಯಾಚ್ಯುಟಿ ಬರುತ್ತದೆಯೇ?

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. 2021ರ ಜೂನ್ 2ಕ್ಕೆ ಸೇರಿ 2026ರ ಜನವರಿ 31ಕ್ಕೆ ಬಿಟ್ಟೆ. ಗ್ರ್ಯಾಚ್ಯುಟಿ ಕೇಳಿದರೆ ‘ಐದು ವರ್ಷ ತುಂಬಿಲ್ಲ, ಬರೋದಿಲ್ಲ’ ಅನ್ನುತ್ತಾರೆ ಎಚ್‌ಆರ್‌ನವರು. ನಾಲ್ಕು ವರ್ಷ 240 ದಿನ ಆದರೆ ಸಾಕು ಅಂತ ಸ್ನೇಹಿತರು ಹೇಳುತ್ತಾರೆ. ಈಗ ಒಂದೇ ವರ್ಷಕ್ಕೆ ಬರುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ಯಾವುದು ನಿಜ?

ಉತ್ತರ: ಕೇಳುವ ಹಕ್ಕು ನಿಮಗಿದೆ, ಗೆಲ್ಲುವ ಸಾಧ್ಯತೆಯೂ ಇದೆ. ಆದರೆ ಸ್ನೇಹಿತರು ಹೇಳಿದಷ್ಟು ಸಲೀಸಲ್ಲ.

ಮೊದಲು ವಾಟ್ಸ್‌ಆ್ಯಪ್ ಸುದ್ದಿ ಮುಗಿಸೋಣ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1972ರ ಗ್ರ್ಯಾಚ್ಯುಟಿ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು. ಅದರಲ್ಲಿ ಒಂದು ವರ್ಷಕ್ಕೆ ಗ್ರ್ಯಾಚ್ಯುಟಿ ಕೊಡುವ ಮಾತು ಇರುವುದು ನಿಜ. ಆದರೆ ಅದು ‘ಇಂತಿಷ್ಟು ಅವಧಿಗೆ’ ಎಂದು ಲಿಖಿತ ಕರಾರು ಮಾಡಿಕೊಂಡು ಸೇರಿದವರಿಗೆ ಮಾತ್ರ. ನಿಮ್ಮ ನೇಮಕಾತಿ ಪತ್ರ ತೆಗೆದು ನೋಡಿ. ಕೆಲಸ ಮುಗಿಯುವ ತಾರೀಖು ಅದರಲ್ಲಿ ಇಲ್ಲದಿದ್ದರೆ ನೀವು ಆ ಗುಂಪಿಗೆ ಸೇರಿದವರಲ್ಲ. ಕಾಯಂ ನೌಕರರಿಗೆ ಐದು ವರ್ಷದ ನಿಯಮ ಹಾಗೇ ಉಳಿದಿದೆ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಅಥವಾ ಅಂಗವೈಕಲ್ಯದಿಂದ ಕೆಲಸ ಬಿಡಬೇಕಾಗಿ ಬಂದರೆ ಮಾತ್ರ ಐದು ವರ್ಷದ ಷರತ್ತು ಇಲ್ಲ.

ಇನ್ನು ಆ 240 ದಿನದ ಕಥೆ. ಕಾನೂನು ಕೇಳುವುದು ಐದು ವರ್ಷಗಳ ‘ನಿರಂತರ ಸೇವೆ’. ನಿರಂತರ ಸೇವೆ ಎಂದರೇನು ಎಂದು ಹೇಳುವಾಗ, ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದವರು ಒಂದು ವರ್ಷ ನಿರಂತರವಾಗಿ ದುಡಿದ ಹಾಗೆ ಎಂದು ಅದೇ ಕಾನೂನು ಹೇಳುತ್ತದೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಕಡೆ ಇದು 190 ದಿನ. ವಾರಕ್ಕೆ ಐದೇ ದಿನದ ಐಟಿ ಕಂಪನಿಗಳವರು ಇದನ್ನು ಗಮನಿಸುವುದೇ ಕಡಿಮೆ. ಹಾಗಾದರೆ ಐದನೇ ವರ್ಷದಲ್ಲಿ 240 ದಿನ ದುಡಿದವರಿಗೆ ಐದು ವರ್ಷ ಆದಂತೆಯೇ ಅಲ್ಲವೇ? ಮೆಟ್ಟೂರು ಬಿಯರ್ಡ್‌ಸೆಲ್ ಕಂಪನಿಯ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಹೌದು ಎಂದಿತು. ಈಗ ಎಲ್ಲರೂ ‘ನಾಲ್ಕು ವರ್ಷ 240 ದಿನ’ ಎನ್ನುವುದಕ್ಕೆ ಆಧಾರ ಆ ತೀರ್ಪು.

ತೊಡಕಿರುವುದೂ ಇಲ್ಲೇ. ಮದ್ರಾಸ್ ಹೈಕೋರ್ಟಿನ ತೀರ್ಪನ್ನು ಕರ್ನಾಟಕದ ಕಾರ್ಮಿಕ ಇಲಾಖೆಯ ಅಧಿಕಾರಿ ಒಪ್ಪಲೇಬೇಕೆಂದಿಲ್ಲ. ಮುಂದಿಟ್ಟರೆ ತೂಕ ಬರುತ್ತದೆ, ಅಷ್ಟೇ. ಕಂಪನಿ ಕಡೆಯ ವಕೀಲರ ವಾದವೂ ತೆಗೆದುಹಾಕುವಂಥದ್ದಲ್ಲ: 240 ದಿನದ ನಿಯಮ ಇರುವುದು ನಡುವೆ ಸೇವೆಗೆ ಅಡ್ಡಿ ಬಂದವರನ್ನು ಕಾಪಾಡಲು, ಐದನ್ನು ನಾಲ್ಕೂ ಮುಕ್ಕಾಲು ಮಾಡಲು ಅಲ್ಲ ಎನ್ನುತ್ತಾರೆ ಅವರು. ನೌಕರರ ಒಳಿತಿಗೆಂದು ಮಾಡಿದ ಕಾನೂನನ್ನು ನೌಕರರ ಪರವಾಗಿಯೇ ಓದಬೇಕು, ಹಾಗಾಗಿ ಮದ್ರಾಸಿನ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೂ ಈಗ ಕೆಲಸದಲ್ಲಿರುವವರು ಇದನ್ನು ನಂಬಿ ಎರಡು ಮೂರು ತಿಂಗಳು ಮೊದಲೇ ರಾಜೀನಾಮೆ ಕೊಡುವುದು ಜಾಣತನವಲ್ಲ. ಐದು ವರ್ಷ ತುಂಬಿಸಿಯೇ ಹೊರಡಿ. ನಿಮ್ಮಂತೆ ಈಗಾಗಲೇ ಬಿಟ್ಟವರ ಮಾತು ಬೇರೆ, ಕೇಳದೆ ಸುಮ್ಮನಿರಲು ಕಾರಣವಿಲ್ಲ.

ನಿಮ್ಮ ದಿನಗಳನ್ನೇ ಎಣಿಸೋಣ. ಐದನೇ ವರ್ಷ ಶುರುವಾದದ್ದು 2025ರ ಜೂನ್ 2, ಸೋಮವಾರ. ಅಲ್ಲಿಂದ ಜನವರಿ 31ರ ಶನಿವಾರದವರೆಗೆ 244 ದಿನ. ನಡುವೆ 34 ಭಾನುವಾರಗಳಿವೆ. ಭಾನುವಾರ ಸೇರಿಸಿದರೆ 240 ದಾಟುತ್ತೀರಿ. ಕಳೆದರೆ 210ಕ್ಕೆ ನಿಲ್ಲುತ್ತೀರಿ. ಎಚ್‌ಆರ್‌ನವರು ಕಳೆಯುತ್ತಾರೆ ಎಂದೇ ಇಟ್ಟುಕೊಳ್ಳಿ. ಆಗ ನಿಮ್ಮ ಕೈಯಲ್ಲಿರಬೇಕಾದದ್ದು ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ನೌಕರರ ಪ್ರಕರಣದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಸಂಬಳ ಕೊಟ್ಟ ಭಾನುವಾರ ಮತ್ತು ರಜಾದಿನಗಳನ್ನು 240ರಲ್ಲಿ ಸೇರಿಸಬೇಕು ಎಂದು ಅದು ಹೇಳಿತು. ಅದು ಕೈಗಾರಿಕಾ ವಿವಾದ ಕಾಯ್ದೆಯ ಕೆಳಗೆ ಬಂದ ತೀರ್ಪು, ಆದರೆ ಎರಡೂ ಕಾನೂನುಗಳ ಪದಗಳು ಹೆಚ್ಚು ಕಡಿಮೆ ಒಂದೇ. ಸಂಬಳ ಸಹಿತ ರಜೆ, ಹೆರಿಗೆ ರಜೆ, ಕೆಲಸದ ವೇಳೆ ಪೆಟ್ಟಾಗಿ ಮನೆಯಲ್ಲಿದ್ದ ದಿನಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸಂಬಳ ಕಟ್ ಆದ ರಜೆ ಬರುವುದಿಲ್ಲ. ಆ ಎಂಟು ತಿಂಗಳಲ್ಲಿ ನಿಮಗೆ ಐದು ದಿನ ಎಲ್‌ಒಪಿ (ಸಂಬಳ ಕಟ್ ಆದ ರಜೆ) ಬಿದ್ದಿದ್ದರೆ 239. ಆದ್ದರಿಂದ ಅರ್ಜಿಗಿಂತ ಮೊದಲು ಜೂನ್‌ನಿಂದ ಜನವರಿವರೆಗಿನ ಪೇ ಸ್ಲಿಪ್‌ಗಳನ್ನು ಹುಡುಕಿಟ್ಟುಕೊಳ್ಳಿ. ಹಾಜರಿ ಪುಸ್ತಕ ಕಂಪನಿಯ ಹತ್ತಿರ ಇರುತ್ತದೆ, ಪೇ ಸ್ಲಿಪ್ ನಿಮ್ಮ ಹತ್ತಿರ.

‘ಆರು ತಿಂಗಳು ದಾಟಿದರೆ ಪೂರ್ತಿ ವರ್ಷ’ ಎಂಬ ಮಾತನ್ನೂ ಕೇಳಿರುತ್ತೀರಿ. ಅದು ಅರ್ಹತೆಗೆ ಸಂಬಂಧಿಸಿದ್ದಲ್ಲ, ಹಣ ಲೆಕ್ಕ ಹಾಕುವಾಗ ಬಳಸುವ ನಿಯಮ. ಏಳು ವರ್ಷ ಏಳು ತಿಂಗಳು ದುಡಿದವರಿಗೆ ಎಂಟು ವರ್ಷದ ಹಣ. ನಾಲ್ಕೂವರೆ ವರ್ಷ ದಾಟಿದ್ದೇ ಐದಾಯಿತು ಎಂದು ಇದನ್ನು ಹಿಡಿದುಕೊಂಡು ಹೋದರೆ ಮೊದಲ ದಿನವೇ ಅರ್ಜಿ ಬೀಳುತ್ತದೆ.

ಗೆದ್ದರೆ ಎಷ್ಟು ಬರುತ್ತದೆ? ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ವೇತನ ಯಾವುದು ಎನ್ನುವುದರಲ್ಲಿ ಸಂಹಿತೆ ದೊಡ್ಡ ಬದಲಾವಣೆ ತಂದಿದೆ. ಹಿಂದೆ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಮಾತ್ರ. ಕಂಪನಿಗಳು ಬೇಸಿಕ್ ಅನ್ನು ಸಣ್ಣದಾಗಿಟ್ಟು ಉಳಿದದ್ದನ್ನು ಭತ್ಯೆಗಳಲ್ಲಿ ತೋರಿಸುತ್ತಿದ್ದುದು ಇದಕ್ಕೇ. ಈಗ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಿದ್ದರೆ ಅರ್ಧ ಮೀರಿದಷ್ಟು ಮೊತ್ತ ವೇತನಕ್ಕೇ ಸೇರುತ್ತದೆ. ಒಟ್ಟು 36,400 ರೂಪಾಯಿಯಲ್ಲಿ ಬೇಸಿಕ್ ಮತ್ತು ಡಿಎ 13,000 ಎಂದಿಟ್ಟುಕೊಳ್ಳಿ. ಹಳೆಯ ಲೆಕ್ಕದಲ್ಲಿ ಐದು ವರ್ಷಕ್ಕೆ 37,500 ರೂಪಾಯಿ. ಹೊಸ ಲೆಕ್ಕದಲ್ಲಿ ವೇತನ 18,200 ಆಗಿ 52,500 ರೂಪಾಯಿ. ನೀವು ಬಿಟ್ಟದ್ದು ನವೆಂಬರ್ 21ರ ನಂತರವಾದ್ದರಿಂದ ಹೊಸ ಲೆಕ್ಕವನ್ನೇ ಕೇಳಿ. ಆಫರ್ ಲೆಟರ್‌ನ ಸಿಟಿಸಿಯಲ್ಲಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚದ ಪಟ್ಟಿ) ಬೇಸಿಕ್‌ನ 4.81% ಗ್ರ್ಯಾಚ್ಯುಟಿ ಎಂದು ಬರೆದಿರುವುದು ಇದೇ ಲೆಕ್ಕವನ್ನು ತಿಂಗಳಿಗೆ ಹಂಚಿ ತೋರಿಸಿದ್ದು. ಅದು ಪಿಎಫ್‌ನಂತೆ ನಿಮ್ಮ ಹೆಸರಿನ ಖಾತೆಯಲ್ಲಿ ಕೂಡುವ ದುಡ್ಡಲ್ಲ.

ಮಾಡಬೇಕಾದ ಕೆಲಸ ಇಷ್ಟು. ಫಾರ್ಮ್ ‘ಐ’ ತುಂಬಿ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಫೋನಿನಲ್ಲಿ ಕೇಳಿದ್ದು, ವಾಟ್ಸ್‌ಆ್ಯಪ್‌ನಲ್ಲಿ ಬೇಡಿಕೊಂಡದ್ದು ಕಾನೂನಿನ ಕಣ್ಣಿಗೆ ಬೀಳುವುದು ಕಷ್ಟ. ಅರ್ಜಿಗೆ 30 ದಿನದ ಗಡುವಿದೆ, ಆದರೆ ತಡವಾಯಿತೆಂಬ ಕಾರಣಕ್ಕೇ ಹಕ್ಕು ಹೋಗುವುದಿಲ್ಲ. ಇಲ್ಲ ಎಂದು ಬರೆದು ಕೊಟ್ಟರೆ, ಅಥವಾ ಉತ್ತರವನ್ನೇ ಕೊಡದಿದ್ದರೆ, ಕಾರ್ಮಿಕ ಇಲಾಖೆಯ ಸಹಾಯಕ ಕಾರ್ಮಿಕ ಆಯುಕ್ತರಿಗೆ ಫಾರ್ಮ್ ‘ಎನ್’ ಕೊಡಿ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ಪೀಣ್ಯ ಯಾರ ವ್ಯಾಪ್ತಿಗೆ ಬರುತ್ತದೆಂದು ಹೇಳುತ್ತಾರೆ. ನಿಮ್ಮ ಪರವಾಗಿ ಆದೇಶವಾದರೆ ತಡವಾದ ಅವಧಿಗೆ ಹಳೆಯ ನಿಯಮದಂತೆ ವರ್ಷಕ್ಕೆ 10% ಸರಳ ಬಡ್ಡಿಯೂ ಸೇರುತ್ತದೆ.

ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟಿಗೆ ‘ಇನ್ನೇನೂ ಬಾಕಿ ಇಲ್ಲ’ ಎಂದು ಸಹಿ ಹಾಕಿದ್ದೇನೆ, ಇನ್ನು ಕೇಳಲಾಗದು ಎಂದು ಅನೇಕರು ಕೈಚೆಲ್ಲುತ್ತಾರೆ. ಗ್ರ್ಯಾಚ್ಯುಟಿಯನ್ನು ಅಂಥ ಕಾಗದದಿಂದ ಬಿಟ್ಟುಕೊಡಲು ಬರುವುದಿಲ್ಲ, ಕಾನೂನು ಆ ಕರಾರಿಗಿಂತ ಮೇಲೆ. ನೋಟಿಸ್ ಅವಧಿ ಪೂರೈಸಲಿಲ್ಲ ಎಂಬ ನೆಪದಲ್ಲೂ ಮುಟ್ಟುಗೋಲು ಹಾಕಲಾಗದು. ಹಿಂಸೆ, ನೈತಿಕ ಅಧಃಪತನದ ಅಪರಾಧ, ಬೇಕೆಂದೇ ಅಥವಾ ನಿರ್ಲಕ್ಷ್ಯದಿಂದ ಕಂಪನಿಗೆ ಮಾಡಿದ ನಷ್ಟ, ಇಂಥ ಕಾರಣಕ್ಕೆ ಕೆಲಸದಿಂದ ವಜಾ ಮಾಡಿದ್ದರೆ ಮಾತ್ರ ಅದು ಸಾಧ್ಯ.

ಗಾರ್ಮೆಂಟ್ಸ್ ಕಡೆಯಿಂದ ಬರುವ ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. ಐದು ವರ್ಷ ತುಂಬುವ ಮೊದಲು ರಾಜೀನಾಮೆ ಬರೆಸಿಕೊಂಡು, ಹೊಸ ಟೋಕನ್ ನಂಬರ್ ಕೊಟ್ಟು ಅದೇ ಲೈನಿನಲ್ಲಿ ಕೂರಿಸಿದರೆ ಹಳೆಯ ಸೇವೆ ಹೋಯಿತೇ? ವಿರಾಮ ಕಾಗದದ ಮೇಲೆ ಮಾತ್ರ ಇತ್ತು ಎಂದು ತೋರಿಸಿದರೆ ಹೋಗುವುದಿಲ್ಲ. ಆದರೆ ತೋರಿಸುವ ಹೊರೆ ನಿಮ್ಮ ಮೇಲೇ ಬೀಳುತ್ತದೆ. ಹಳೆಯ ಮತ್ತು ಹೊಸ ಐಡಿ ಕಾರ್ಡ್, ಎರಡೂ ಅವಧಿಯ ಪೇ ಸ್ಲಿಪ್, ಇಎಸ್‌ಐ ಸಂಖ್ಯೆ, ಯುಎಎನ್‌ನಲ್ಲಿರುವ (ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಸೇವಾ ವಿವರ ಇವೆಲ್ಲ ಬೇಕು. ಆ ನಡುವಿನಲ್ಲಿ ಪಿಎಫ್ ಹಣವನ್ನು ಪೂರ್ತಿ ತೆಗೆದುಬಿಟ್ಟರೆ ಕಂಪನಿ ಮೊದಲು ತೋರಿಸುವುದು ಅದೇ ಅರ್ಜಿಯನ್ನು: ‘ಕೆಲಸ ಬಿಟ್ಟಿದ್ದೇನೆ ಎಂದು ಇವರೇ ಬರೆದುಕೊಟ್ಟಿದ್ದಾರೆ, ನೋಡಿ.’