ಬೇಸ್‌ಬಾಲ್‌ನಲ್ಲಿ ಕೋಚ್‌ಗೆ ಯಾಕೆ ಮ್ಯಾನೇಜರ್ ಅಂತಾರೆ?

ಓದುಗರ ಪ್ರಶ್ನೆ: ಕ್ರಿಕೆಟ್‌ನಲ್ಲಿ ಟೀಮ್ ಮ್ಯಾನೇಜರ್ ಅಂದ್ರೆ ಹೋಟೆಲ್, ಟಿಕೆಟ್ಟು ನೋಡಿಕೊಳ್ಳುವವರು. ಬೇಸ್‌ಬಾಲ್‌ನಲ್ಲಿ ಮಾತ್ರ ಆಟ ನಡೆಸುವವರಿಗೇ ಮ್ಯಾನೇಜರ್ ಅಂತಾರಲ್ಲ, ಯಾಕೆ?

ಶುರುವಿನಲ್ಲಿ ಬೇಸ್‌ಬಾಲ್ ಮ್ಯಾನೇಜರ್‌ಗಳ ಕೆಲಸವೂ ಹೆಚ್ಚಾಗಿ ಹೋಟೆಲ್ಲು, ಟಿಕೆಟ್ಟು, ದುಡ್ಡಿನ ಲೆಕ್ಕವೇ ಆಗಿತ್ತು. ಮೈದಾನದಲ್ಲಿ ಕ್ಯಾಪ್ಟನ್ ಹೇಳಿದ್ದೇ ನಡೆಯುತ್ತಿತ್ತು. ಎರಡನ್ನೂ ಒಬ್ಬರೇ ಹೊತ್ತುಕೊಂಡರೆ ಟೀಮು ಹೇಗಿರುತ್ತೆ ಅಂತ ತೋರಿಸಿದವರಲ್ಲಿ ದೊಡ್ಡ ಹೆಸರು ಹ್ಯಾರಿ ರೈಟ್.

ತಮಾಷೆ ಅಂದ್ರೆ ಅವರು ಮೂಲತಃ ಕ್ರಿಕೆಟಿಗರು. ಹುಟ್ಟಿದ್ದು 1835ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಅಪ್ಪ ನ್ಯೂಯಾರ್ಕ್‌ನ ಕ್ಲಬ್ಬೊಂದರಲ್ಲಿ ಸಂಬಳಕ್ಕೆ ಕ್ರಿಕೆಟ್ ಆಡುತ್ತಿದ್ದವರು. ಹ್ಯಾರಿ ಸಿನ್ಸಿನಾಟಿಗೆ ಹೋಗಿದ್ದೂ ಕ್ರಿಕೆಟ್ ಕೆಲಸಕ್ಕೇ. ಅಲ್ಲಿ 1869ರಲ್ಲಿ ಅವರು ಕಟ್ಟಿದ ರೆಡ್ ಸ್ಟಾಕಿಂಗ್ಸ್, ಎಲ್ಲ ಆಟಗಾರರಿಗೂ ಮುಚ್ಚುಮರೆಯಿಲ್ಲದೆ ಸಂಬಳ ಕೊಟ್ಟ ಮೊದಲ ಬೇಸ್‌ಬಾಲ್ ಟೀಮು. ಹ್ಯಾರಿಗೆ ವರ್ಷಕ್ಕೆ 1,200 ಡಾಲರ್, ತಮ್ಮ ಜಾರ್ಜ್‌ಗೆ 1,400. ಟೀಮ್ ನಡೆಸುವ ಅಣ್ಣನಿಗಿಂತ ತಮ್ಮನಿಗೇ ಜಾಸ್ತಿ!

ಪಂದ್ಯ ಗೊತ್ತು ಮಾಡೋದು, ರೈಲು, ಹೋಟೆಲ್ಲು, ಗೇಟಿನ ದುಡ್ಡು, ಪ್ರಾಕ್ಟೀಸು, ಯಾರು ಎಲ್ಲಿ ನಿಲ್ಲಬೇಕು ಅನ್ನೋದು, ಎಲ್ಲಾ ಅವರದೇ, ಅದರ ಮೇಲೆ ಸೆಂಟರ್ ಫೀಲ್ಡ್‌ನಲ್ಲಿ (ಮೈದಾನದ ಹೊರಭಾಗದ ನಡುಜಾಗ) ತಾವೇ ನಿಂತು ಆಡುತ್ತಿದ್ದರು, ಬೇಕಾದಾಗ ನಿಧಾನದ ಚೆಂಡನ್ನೂ ಎಸೆಯುತ್ತಿದ್ದರು. ಪೂರ್ವದಿಂದ ಪಶ್ಚಿಮಕ್ಕೆ ರೈಲುಮಾರ್ಗ ಪೂರ್ತಿಯಾದ ವರ್ಷವೇ ಟೀಮನ್ನು ಸ್ಯಾನ್ ಫ್ರಾನ್ಸಿಸ್ಕೋವರೆಗೂ ಕರೆದುಕೊಂಡು ಹೋದರು. ಆ ವರ್ಷ ಕ್ಲಬ್ ಟೀಮುಗಳ ಎದುರು 57 ಪಂದ್ಯ, 57 ಗೆಲುವು. ಮೊದಲ ಸೋಲು 1870ರ ಜೂನ್ 14ರಂದು ಬ್ರೂಕ್ಲಿನ್‌ನಲ್ಲಿ, ಅದೂ 9 ಇನಿಂಗ್ಸ್‌ಗೆ ಮುಗಿಯಬೇಕಾದ ಪಂದ್ಯವನ್ನು 11 ಇನಿಂಗ್ಸ್ ಎಳೆದಾಡಿ 8-7ರಲ್ಲಿ.

ಆಮೇಲೆ ಬಾಸ್ಟನ್. ಅಲ್ಲಿ 1872ರಿಂದ 1875ರವರೆಗೆ ಸತತ ನಾಲ್ಕು ಸಲ ಲೀಗ್ ಗೆದ್ದರು, ಹೊಸ ನ್ಯಾಷನಲ್ ಲೀಗ್ ಬಂದ ಮೇಲೆ 1877, 1878ರಲ್ಲೂ ಗೆದ್ದರು. ಮಧ್ಯೆ 1874ರಲ್ಲಿ ಎರಡು ಟೀಮುಗಳನ್ನು ಇಂಗ್ಲೆಂಡಿಗೆ ಒಯ್ದು ಬೇಸ್‌ಬಾಲ್ ತೋರಿಸಿದ್ದಲ್ಲದೆ, ಅಲ್ಲಿಯವರ ಜೊತೆ ಕ್ರಿಕೆಟ್ಟನ್ನೂ ಆಡಿಸಿದರು. 1879ರಲ್ಲಿ ಲೀಗ್ ಕೈತಪ್ಪಿತು. ಗೆದ್ದಿದ್ದು ಪ್ರಾವಿಡೆನ್ಸ್, ಅದರ ಮ್ಯಾನೇಜರ್ ಅದೇ ತಮ್ಮ ಜಾರ್ಜ್!

ಕೊನೆಯ ಹತ್ತು ವರ್ಷ, 1893ರವರೆಗೆ, ಫಿಲಡೆಲ್ಫಿಯಾದಲ್ಲಿ. ಅಲ್ಲಿ ಒಮ್ಮೆಯೂ ಲೀಗ್ ಗೆಲ್ಲಲಿಲ್ಲ. 1890ರಲ್ಲಿ ಕಣ್ಣು ಕಾಣದಂತಾಗಿ ಸೀಸನ್ನಿನ ಮಧ್ಯೆ ಕೆಲವು ತಿಂಗಳು ಕೆಲಸ ಬಿಡಬೇಕಾಯಿತು, ದೃಷ್ಟಿ ಸುಧಾರಿಸಿದ ಮೇಲೆ ವಾಪಸ್ ಬಂದರು.

ಈಗ ಕೆಲಸ ಮತ್ತೆ ಎರಡಾಗಿದೆ. ಆಟಗಾರರನ್ನು ತರೋದು, ಕಾಂಟ್ರ್ಯಾಕ್ಟ್ ಮಾಡೋದು ಜನರಲ್ ಮ್ಯಾನೇಜರ್ ಕಡೆಯವರ ಪಾಲು. ಮೈದಾನದ ಪಕ್ಕ ಕೂತು ಆಟ ನಡೆಸುವವರಿಗೆ ಮಾತ್ರ ಮ್ಯಾನೇಜರ್ ಅನ್ನೋ ಹೆಸರು ಹಾಗೇ ಉಳಿದಿದೆ.